ಒಲೆಯ ಮುಂದೆ ಕಲಿತವರಿಗೂ ಒಂದು ಪರೀಕ್ಷೆ ಇರಲಿ

ಮಾನ್ಯ ಸಂಪಾದಕರೆ,

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶ ಹೊರಬಿದ್ದ ಬಳಿಕ ಪ್ರತಿ ವರ್ಷವೂ ಪತ್ರಿಕೆಗಳಲ್ಲಿ ‘ಮುಂದೇನು?’ ಎಂಬ ಮಾರ್ಗದರ್ಶಿ ಲೇಖನಗಳು ಬರುತ್ತವೆ. ಈಚೆಗೆ ಆ ಪಟ್ಟಿಯಲ್ಲಿ ಶೆಫ್ ವೃತ್ತಿಯೂ ಸೇರಿಕೊಂಡಿರುವುದು ಸಂತೋಷದ ಸಂಗತಿ. ಅಡುಗೆ ಕೆಲಸವನ್ನು ಬೇರೇನೂ ಸಿಗದವರ ಪಾಡು ಎಂದು ಕಾಣುತ್ತಿದ್ದ ಸಮಾಜ ಇಷ್ಟಾದರೂ ಬದಲಾಗಿದೆ. ಆದರೆ ಆ ಲೇಖನಗಳು ತೋರಿಸುವ ದಾರಿ ಹೆಚ್ಚುಕಡಿಮೆ ಒಂದೇ. ಪಿಯುಸಿ ಮುಗಿಸಬೇಕು, ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು, ಮೂರು ವರ್ಷದ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿ ಪಡೆಯಬೇಕು. ಓದು ಅರ್ಧಕ್ಕೆ ನಿಂತ, ಆದರೆ ಅಡುಗೆಯಲ್ಲಿ ನಿಜವಾದ ಆಸಕ್ತಿಯಿರುವ ಹುಡುಗನಿಗೋ ಹುಡುಗಿಗೋ ಅಲ್ಲಿ ಹೇಳುವ ಮಾತು ಏನೂ ಇರುವುದಿಲ್ಲ. ಪಿಯುಸಿ ನಪಾಸಾಗಿ ಹೋಟೆಲೊಂದರಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿ, ಈಗ ಮಧ್ಯಮ ಗಾತ್ರದ ಒಂದು ಹೋಟೆಲಿನ ಅಡುಗೆಮನೆಯ ಜವಾಬ್ದಾರಿ ಹೊತ್ತಿರುವ ನಾನು, ಅಂಥವರ ಪರವಾಗಿ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಸರ್ಕಾರದ, ಹೋಟೆಲ್ ಮಾಲೀಕರ ಹಾಗೂ ಪೋಷಕರ ಗಮನಕ್ಕೆ ತರಬಯಸುತ್ತೇನೆ.

ಪ್ರಮಾಣಪತ್ರವಿಲ್ಲದೆ ಅಡುಗೆಯಲ್ಲಿ ಮೇಲೆ ಬಂದವರ ಕಥೆ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಹೋಟೆಲನ್ನು ಎಂಟಿಆರ್ ಎಂಬ ಹೆಸರಿಗೆ ಬೆಳೆಸಿದ ಮಯ್ಯ ಸಹೋದರರು ಉಡುಪಿ ಸೀಮೆಯಿಂದ ಮನೆಗಳಲ್ಲಿ ಅಡುಗೆ ಮಾಡಲೆಂದು ಬಂದವರು. ಕಡಂದಲೆಯಿಂದ ಮದರಾಸಿಗೆ ಹೋಗಿ ಅಡುಗೆಮನೆಯ ಚಾಕರಿಯಿಂದ ತೊಡಗಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರು, ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರು, ಹದಿಹರೆಯದಲ್ಲೇ ಮನೆ ಬಿಟ್ಟು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದು ಕೊನೆಗೆ ದೆಹಲಿಯಲ್ಲಿ ಸಾಗರ್ ರತ್ನ ಸ್ಥಾಪಿಸಿದ ಕಾರ್ಕಳದ ಜಯರಾಮ ಬನಾನ್ ಅವರು, ಇವರಲ್ಲಿ ಯಾರೂ ಪಾಕಶಾಸ್ತ್ರದ ಡಿಪ್ಲೊಮಾ ಹಿಡಿದು ಬಂದವರಲ್ಲ. ಈ ಹೆಸರುಗಳನ್ನು ಹೇಳಿ, ಶ್ರಮಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದು ಎಂದು ಭಾಷಣ ಮಾಡುವವರನ್ನು ನಾನು ಅನೇಕ ಸಮಾರಂಭಗಳಲ್ಲಿ ಕೇಳಿದ್ದೇನೆ. ಆ ಮಹನೀಯರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಅವರ ಉದಾಹರಣೆ ನಮ್ಮ ಪ್ರಶ್ನೆಗೆ ಉತ್ತರವಾಗುವುದಿಲ್ಲ, ಏಕೆಂದರೆ ಅವರೆಲ್ಲರೂ ಮಾಲೀಕರಾದರು. ಸ್ವಂತ ಹೋಟೆಲ್ ತೆರೆದವನನ್ನು ಪ್ರಮಾಣಪತ್ರ ತೋರಿಸು ಎಂದು ಯಾರೂ ಕೇಳುವುದಿಲ್ಲ. ಬಂಡವಾಳ ಹೂಡಲಾರದೆ, ಅಥವಾ ಹೂಡುವ ಇಚ್ಛೆಯೇ ಇಲ್ಲದೆ, ಒಳ್ಳೆಯ ಅಡುಗೆಯವನಾಗಿಯೇ ಸಂಬಳಕ್ಕೆ ದುಡಿದು ಮೇಲಿನ ಹುದ್ದೆಗೆ ಏರಬಯಸುವ ಸಾವಿರಾರು ಜನರ ಮಾತೇ ಬೇರೆ. ನನ್ನ ಈ ಪತ್ರ ಅವರಿಗೆ ಸಂಬಂಧಿಸಿದ್ದು.

ಹಿಂದಿನ ಕ್ರಮವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಊರಿಂದ ಬಂದ ಮಾಣಿಯನ್ನು ಮೊದಲು ಕ್ಲೀನರ್ ಕೆಲಸಕ್ಕೆ ಹಾಕುತ್ತಿದ್ದರು. ಅಲ್ಲಿಂದ ಕೆಲವರು ಸಪ್ಲೈಯರ್ ಆಗಿ ಹೊರಗೆ ಹೋದರೆ, ಕೈ ಚುರುಕಾಗಿದ್ದವರನ್ನು ಭಟ್ಟರು ಒಳಗೆ ಕರೆದುಕೊಳ್ಳುತ್ತಿದ್ದರು. ರುಬ್ಬುವುದು, ಹೆಚ್ಚುವುದು, ಒಗ್ಗರಣೆ, ಚಟ್ನಿ, ಪಲ್ಯ, ಹುಳಿ, ಕೊನೆಗೆ ಕಾವಲಿ, ಹೀಗೆ ವರ್ಷಗಟ್ಟಲೆ ನಡೆಯುವ ಕಲಿಕೆ ಅದು. ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದ ನಮ್ಮ ಹುಡುಗರು ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಪಾಸಾದದ್ದೂ ಇದೇ ಕಾಲದ ಸಂಗತಿ. ಆ ಶಾಲೆಗಳನ್ನು ನಡೆಸಿದವರಿಗೆ ಈ ವೃತ್ತಿ ಎಂದೆಂದಿಗೂ ಋಣಿ. ಆದರೆ ಅಂದಿನ ಕ್ರಮದ ತಳಪಾಯ ಬಾಲ ದುಡಿಮೆಯಾಗಿತ್ತು ಎಂಬುದನ್ನು ಮುಚ್ಚಿಡಬಾರದು. ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಯಿತು. 2016ರ ತಿದ್ದುಪಡಿ ಆ ವಯಸ್ಸಿನ ಮಕ್ಕಳ ದುಡಿಮೆಯನ್ನು ಬಹುತೇಕ ಎಲ್ಲ ಕಡೆಯೂ ಕಾನೂನುಬಾಹಿರವಾಗಿಸಿತು. ಇದು ಆಗಲೇಬೇಕಿದ್ದ ಕೆಲಸ. ಹನ್ನೊಂದು ಹನ್ನೆರಡರ ಮಕ್ಕಳು ನಡುರಾತ್ರಿವರೆಗೆ ಕೊಪ್ಪರಿಗೆ ಉಜ್ಜುತ್ತಿದ್ದ ದಿನಗಳು ಮರಳಿ ಬರಬಾರದು. ಆದರೆ ಹಳೆಯ ಬಾಗಿಲನ್ನು ಮುಚ್ಚಿದ ನಾವು ಅದರ ಜಾಗದಲ್ಲಿ, ಹದಿನೆಂಟು ತುಂಬಿ ಕೆಲಸ ಕಲಿಯಲು ಬರುವವರಿಗಾಗಿ, ಗೌರವದ ಇನ್ನೊಂದು ಬಾಗಿಲನ್ನು ಸರಿಯಾಗಿ ತೆರೆಯಲಿಲ್ಲ. ಇಂದು ಹದಿನೆಂಟರ ಯುವಕ ಅಡುಗೆಮನೆಗೆ ಬಂದರೆ ಅವನನ್ನು ಈರುಳ್ಳಿ ಮೂಟೆಯ ಮುಂದೆ ಕೂರಿಸುತ್ತಾರೆ. ಮೂರು ವರ್ಷದ ನಂತರವೂ ಅವನು ಅಲ್ಲೇ ಇದ್ದರೆ ಕೇಳುವವರಿಲ್ಲ.

ಅನುಭವದಿಂದ ಬರುವ ವಿದ್ಯೆ ಎಂಥದ್ದು ಎಂಬುದನ್ನು ಹೊರಗಿನವರಿಗೆ ತಿಳಿಸಲು ದೋಸೆ ಹಿಟ್ಟಿನ ಮಾತೊಂದೇ ಸಾಕು. ಅಕ್ಕಿ ಇಷ್ಟು, ಉದ್ದು ಇಷ್ಟು, ಮೆಂತ್ಯ ಇಷ್ಟು ಎಂಬ ಅಳತೆ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಆದರೆ ಡಿಸೆಂಬರಿನ ಬೆಂಗಳೂರಿನಲ್ಲಿ ಸಂಜೆ ರುಬ್ಬಿಟ್ಟ ಹಿಟ್ಟು ಬೆಳಗಿನ ಆರು ಗಂಟೆಗೆ ಉಬ್ಬಿರುವುದಿಲ್ಲ. ತಿಳಿದ ಭಟ್ಟರು ಆ ದಿನಗಳಲ್ಲಿ ಮಧ್ಯಾಹ್ನವೇ ರುಬ್ಬಿಸಿ, ಬೆಚ್ಚಗಿನ ನೀರು ಬಳಸಿ, ಹಿಂದಿನ ದಿನದ ಹಿಟ್ಟನ್ನು ಒಂದು ಸೌಟು ಬೆರೆಸಿ, ಪಾತ್ರೆಯನ್ನು ಒಲೆಯ ಪಕ್ಕದ ಗೋಡೆಗೆ ಸರಿಸಿಡುತ್ತಾರೆ. ಏಪ್ರಿಲಿನಲ್ಲಾದರೆ ಗ್ರೈಂಡರಿನ ಬಿಸಿಗೇ ಹಿಟ್ಟು ಹುಳಿಯತೊಡಗುವುದರಿಂದ ತಣ್ಣೀರು ಹಾಕಿ ರುಬ್ಬಿಸುತ್ತಾರೆ. ಉದ್ದು ಹಳೆಯದಾಗಿದ್ದರೆ ನೊರೆ ಕಟ್ಟುವುದಿಲ್ಲ, ಆಗ ಅದರ ಪ್ರಮಾಣ ಏರಿಸಬೇಕು. ರುಬ್ಬಿದ ಉದ್ದಿನಲ್ಲಿ ಒಂದು ಚಿಟಿಕೆ ತೆಗೆದು ನೀರಿಗೆ ಬಿಟ್ಟು, ತೇಲಿದರೆ ಮಾತ್ರ ಕಲ್ಲಿನಿಂದ ತೆಗೆಯಬೇಕು. ಇನ್ನು ಕಾವಲಿಯ ಮೇಲೆ ನೀರು ಚಿಮುಕಿಸಿ ಕಡ್ಡಿಪೊರಕೆಯಿಂದ ಎಳೆಯುವಾಗ ಕೇಳುವ ಸದ್ದಿನಿಂದಲೇ ಶಾಖ ತಿಳಿಯಬೇಕು, ಏಕೆಂದರೆ ಕಾವಲಿ ಹೆಚ್ಚು ಕಾದಿದ್ದರೆ ಹಿಟ್ಟು ಹರಡದೆ ಸೌಟಿಗೇ ಸುತ್ತಿಕೊಳ್ಳುತ್ತದೆ. ಭಾನುವಾರ ಬೆಳಿಗ್ಗೆ ಆರ್ಡರುಗಳು ಒಂದರ ಮೇಲೊಂದು ಬೀಳುತ್ತಿರುವಾಗ ಇದಿಷ್ಟನ್ನೂ ಯೋಚಿಸದೆಯೇ ಮಾಡಬಲ್ಲ ಮನುಷ್ಯನನ್ನು ವಿದ್ಯಾರ್ಹತೆ ಇಲ್ಲದವನು ಎಂದು ಕರೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗೆಂದು ಕಾಲೇಜಿನಲ್ಲಿ ಕಲಿತು ಬಂದವರನ್ನು ನಾನು ಕೀಳಾಗಿ ಕಾಣುವುದಿಲ್ಲ. ಒಲೆಯ ಮುಂದೆ ಕಲಿತ ನಮ್ಮಂಥವರಲ್ಲಿ ಕೊರತೆಗಳಿವೆ, ಅವು ಸಣ್ಣವಲ್ಲ. ಬೇಯಿಸಿದ ಆಹಾರವನ್ನು 5 ಡಿಗ್ರಿಗಿಂತ ಕೆಳಗೆ ಇಲ್ಲವೇ 60 ಡಿಗ್ರಿಗಿಂತ ಮೇಲೆ ಇಡಬೇಕು, ನಡುವಿನ ಶಾಖದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ ಎಂಬ ಸರಳ ವಿಷಯವನ್ನು ನನಗೆ ಯಾವ ಹಿರಿಯ ಅಡುಗೆಯವರೂ ಹೇಳಿಕೊಟ್ಟಿರಲಿಲ್ಲ. ಅವರಿಗೂ ಯಾರೂ ಹೇಳಿರಲಿಲ್ಲ. ಒಂದು ಕಿಲೊ ಬೀನ್ಸ್ ನಾರು ತೆಗೆದ ಮೇಲೆ ಎಷ್ಟು ಉಳಿಯುತ್ತದೆ, ಆ ಲೆಕ್ಕದಲ್ಲಿ ಒಂದು ಪ್ಲೇಟ್ ಪಲ್ಯಕ್ಕೆ ಬೀಳುವ ಖರ್ಚೆಷ್ಟು, ಅದನ್ನು ಎಷ್ಟಕ್ಕೆ ಮಾರಿದರೆ ಬಾಡಿಗೆ, ಸಂಬಳ, ಗ್ಯಾಸ್ ಕಳೆದು ಏನಾದರೂ ಮಿಗುತ್ತದೆ ಎಂಬ ಲೆಕ್ಕಾಚಾರ ಡಿಪ್ಲೊಮಾ ಓದಿದ ಹುಡುಗನಿಗೆ ಮೊದಲ ವರ್ಷದಲ್ಲೇ ಗೊತ್ತಿರುತ್ತದೆ. ನಮ್ಮಲ್ಲಿ ಎಷ್ಟೋ ಹಿರಿಯರು ‘ಕೈ ಅಂದಾಜು’ ಎಂಬ ಮಾತಿನಲ್ಲೇ ಆಯುಷ್ಯ ಕಳೆದಿದ್ದಾರೆ. ಆ ಅಂದಾಜು ಅವರ ಜೊತೆಗೇ ನಿವೃತ್ತಿಯಾಗುತ್ತದೆ, ಮರುದಿನ ಸಾಂಬಾರಿನ ರುಚಿ ಬದಲಾಗುತ್ತದೆ. ಆದ್ದರಿಂದ ನಾನು ಕೇಳುತ್ತಿರುವುದು ವಿನಾಯಿತಿಯಲ್ಲ. ನಮ್ಮನ್ನೂ ಪರೀಕ್ಷಿಸಿ, ಕೊರತೆ ಇದ್ದಲ್ಲಿ ಕಲಿಸಿ, ತೇರ್ಗಡೆಯಾದರೆ ಆ ಮಾತನ್ನು ಎಲ್ಲರೂ ಒಪ್ಪುವ ಕಾಗದದ ಮೇಲೆ ಬರೆದುಕೊಡಿ ಎಂದಷ್ಟೇ.

ಕಾಗದವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ನನ್ನೊಂದಿಗೆ ದುಡಿದ, ಸಿಹಿ ತಿಂಡಿ ಮತ್ತು ಕರಿದ ತಿನಿಸುಗಳಲ್ಲಿ ನಿಪುಣರಾದ ಹಿರಿಯ ಸಹೋದ್ಯೋಗಿಯೊಬ್ಬರು ದೊಡ್ಡ ಹೋಟೆಲೊಂದರ ದಕ್ಷಿಣ ಭಾರತೀಯ ವಿಭಾಗಕ್ಕೆ ಅರ್ಜಿ ಹಾಕಿದರು. ಅಲ್ಲಿಯ ಮುಖ್ಯ ಶೆಫ್ ನನ್ನ ಸಹೋದ್ಯೋಗಿಯ ಕೈಯಲ್ಲಿ ಹೋಳಿಗೆ, ಮೈಸೂರುಪಾಕು, ಮದ್ದೂರು ವಡೆ ಮಾಡಿಸಿ ರುಚಿ ನೋಡಿ ತುಂಬ ಮೆಚ್ಚಿಕೊಂಡರಂತೆ. ಆದರೆ ಕಡತ ಎಚ್.ಆರ್. ವಿಭಾಗಕ್ಕೆ ಹೋದಾಗ ಡಿಪ್ಲೊಮಾ ಇಲ್ಲವೆಂಬ ಕಾರಣಕ್ಕೆ ಅವರಿಗೆ ಕೆಳಹಂತದ ಮೂರನೇ ದರ್ಜೆಯ ಕಮಿ (ಸಹಾಯಕ ಅಡುಗೆಯವ) ಹುದ್ದೆಯನ್ನು, ಆಗ ಬರುತ್ತಿದ್ದ ಸಂಬಳಕ್ಕಿಂತ ಕಡಿಮೆಗೆ, ಕೊಡಲು ಮುಂದಾದರು. ಅವರು ಕೈಮುಗಿದು ಹಿಂದಿರುಗಿದರು. ಹಿಂದೆ ದುಡಿದ ಮೂರು ಹೋಟೆಲುಗಳಿಂದ ಸೇವಾ ಪತ್ರ ತಂದರೆ ಮತ್ತೊಮ್ಮೆ ಪರಿಶೀಲಿಸುವುದಾಗಿ ಹೇಳಿದ್ದರಂತೆ. ಅವುಗಳಲ್ಲಿ ಒಂದು ಮುಚ್ಚಿಹೋಗಿತ್ತು, ಇನ್ನೆರಡು ಕಡೆ ಅವರ ಹೆಸರು ಯಾವ ದಾಖಲೆಯಲ್ಲೂ ಇರಲಿಲ್ಲ. ಅಷ್ಟು ವರ್ಷ ಬೆಂಕಿಯ ಮುಂದೆ ನಿಂತ ಮನುಷ್ಯ, ನಿಂತಿದ್ದೆ ಎಂದು ರುಜುವಾತು ಮಾಡಲಾಗದೆ ಹೋದರು.

ವಿದೇಶಕ್ಕೆ ಹೋಗುವವರ ಕಷ್ಟ ಇನ್ನೊಂದು ಬಗೆಯದು. ಕರಾವಳಿಯಿಂದ, ಮಲೆನಾಡಿನಿಂದ ಕೊಲ್ಲಿ ರಾಷ್ಟ್ರಗಳ ಹೋಟೆಲುಗಳಿಗೆ ಹೋಗುವ ಅಡುಗೆಯವರು ಇಂದಿಗೂ ಬಹಳ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ಪರಿಶೀಲನೆ ಅಗತ್ಯವಿರುವ) ವರ್ಗಕ್ಕೆ ಸೇರುತ್ತದೆ. ಸೌದಿ ಅರೇಬಿಯ, ಯುಎಇ, ಕುವೈತ್, ಕತಾರ್, ಒಮಾನ್ ಮೊದಲಾದ ದೇಶಗಳಿಗೆ ಕೆಲಸಕ್ಕೆ ಹೋಗಲು ಅವರು ಪ್ರತ್ಯೇಕ ವಲಸೆ ಅನುಮತಿ ಪಡೆಯಬೇಕು. ಮೋಸ ಹೋಗದಂತೆ ಕಾಪಾಡುವ ಉದ್ದೇಶದ ನಿಯಮ ಅದು, ಅದನ್ನು ದೂರುವುದಿಲ್ಲ. ಆದರೆ ಇದರ ಅರಿವಿಲ್ಲದ ಹುಡುಗರು ದಲ್ಲಾಳಿಗಳ ಮಾತು ನಂಬಿ ವಿಸಿಟ್ ವೀಸಾದ ಮೇಲೆ ಹೋಗಿ ಸಿಕ್ಕಿಬೀಳುವುದುಂಟು. ಅಡುಗೆ ಕೆಲಸಕ್ಕೆ ಸೇರಿದ ಮೇಲೂ ಖಾಸಗಿ ಅಭ್ಯರ್ಥಿಯಾಗಿ ಅಥವಾ ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿಯನ್ನು ಪಾಸು ಮಾಡಿಕೊಳ್ಳಿ ಎಂದು ನನ್ನ ಕೈಕೆಳಗಿನ ಹುಡುಗರಿಗೆ ನಾನು ಪದೇಪದೇ ಹೇಳುವುದು ಇದಕ್ಕಾಗಿಯೇ.

ಸರ್ಕಾರ ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009-10ರಲ್ಲಿ ‘ಹುನರ್ ಸೇ ರೋಜ್‌ಗಾರ್ ತಕ್’ ಎಂಬ ಯೋಜನೆಯಡಿ, ಎಂಟನೇ ತರಗತಿ ಓದಿದವರಿಗೂ ಅಡುಗೆಯ ಅಲ್ಪಾವಧಿ ತರಬೇತಿ ಆರಂಭಿಸಿತು. ಹತ್ತನೇ ತರಗತಿ ಪಾಸಾದವರಿಗೆ ಐಟಿಐಗಳಲ್ಲಿ ಆಹಾರ ತಯಾರಿಕೆಯ ಒಂದು ವರ್ಷದ ಕೋರ್ಸ್ ಇದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಒಂದೂವರೆ ವರ್ಷದ ಕುಶಲಕರ್ಮಿ ಕೋರ್ಸ್ ಇದೆ. 2015ರಲ್ಲಿ ಬಂದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಆಗಲೇ ಕೆಲಸ ಬಲ್ಲವರನ್ನು ಅಲ್ಪಕಾಲದ ತಿಳಿವಳಿಕೆಯ ನಂತರ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ‘ಪೂರ್ವ ಕಲಿಕೆಯ ಮಾನ್ಯತೆ’ ಎಂಬ ವ್ಯವಸ್ಥೆಯೂ ಇದೆ. ಮಾತಿನಲ್ಲಿ ನಾನು ಕೇಳುತ್ತಿರುವುದು ಇದನ್ನೇ. ಆದರೆ ನಾನು ಕಂಡಂತೆ ನಮ್ಮ ಅಡುಗೆಮನೆಗಳಲ್ಲಿ ಇದರ ಹೆಸರು ಕೇಳಿದವರು ವಿರಳ. ಕೇಳಿ ಹೋಗಿ ಪತ್ರ ತಂದವರಿಗೆ ಅದರಿಂದ ಸಂಬಳವಾಗಲಿ ಹುದ್ದೆಯಾಗಲಿ ಏರಿದ್ದನ್ನು ನಾನು ನೋಡಿಲ್ಲ. ಕಾರಣ ಸ್ಪಷ್ಟವಾಗಿದೆ. ಒಂದೆರಡು ದಿನಗಳಲ್ಲಿ ಮುಗಿಯುವ, ಬಹುತೇಕ ಬಾಯಿಮಾತಿನ ಪರೀಕ್ಷೆಯನ್ನು ದೊಡ್ಡ ಹೋಟೆಲುಗಳು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಇಪ್ಪತ್ತು ವರ್ಷದ ಅನುಭವಿಗೂ ಎರಡು ವರ್ಷದವನಿಗೂ ಒಂದೇ ಹಂತದ ಪತ್ರ ಸಿಕ್ಕರೆ ಅನುಭವಿಗೆ ಅದರಿಂದ ಬಂದ ಲಾಭವೇನು?

ಆದ್ದರಿಂದ ರಾಜ್ಯದ ಕೌಶಲಾಭಿವೃದ್ಧಿ ಇಲಾಖೆ ಮತ್ತು ಪ್ರವಾಸೋದ್ಯಮ ಇಲಾಖೆ ಕೂಡಿ, ಹೋಟೆಲ್ ಮಾಲೀಕರ ಸಂಘಗಳನ್ನೂ ಜೊತೆಗೆ ತೆಗೆದುಕೊಂಡು, ಕನ್ನಡದಲ್ಲಿ ಒಂದು ಕಟ್ಟುನಿಟ್ಟಾದ ಪ್ರಾಯೋಗಿಕ ಪರೀಕ್ಷೆಯನ್ನು ರೂಪಿಸಬೇಕು. ಅಭ್ಯರ್ಥಿಗೆ ಸಾಮಗ್ರಿ ಕೊಟ್ಟು, ಗಂಟೆ ನಿಗದಿ ಮಾಡಿ, ಐವತ್ತು ಜನರ ಊಟ ಮಾಡಿಸಲಿ; ಅದೇ ಅಡುಗೆಯನ್ನು ಐನೂರು ಜನರಿಗೆ ಮಾಡುವುದಾದರೆ ಬೇಳೆ ಹತ್ತು ಪಟ್ಟು ಆದರೂ ಉಪ್ಪು, ಖಾರ, ಇಂಗು, ನೀರು ಏಕೆ ಅದೇ ಲೆಕ್ಕದಲ್ಲಿ ಏರುವುದಿಲ್ಲ ಎಂದು ಕೇಳಲಿ. ಶೈತ್ಯಾಗಾರದ ಒಳಗೆ ಹಸಿಯದನ್ನೂ ಬೇಯಿಸಿದ್ದನ್ನೂ ಎಲ್ಲಿಡುತ್ತಾನೆ ಎಂದು ನೋಡಲಿ. ಒಂದು ತಿನಿಸಿನ ಖರ್ಚನ್ನು ಬರೆದು ತೋರಿಸಲು ಹೇಳಲಿ. ಪರೀಕ್ಷಕರಲ್ಲಿ ಒಬ್ಬರಾದರೂ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಿರುವವರಾಗಿರಲಿ. ಅಭ್ಯರ್ಥಿಯ ಅನುಭವಕ್ಕೆ ತಕ್ಕಂತೆ ಹಂತಗಳಿರಲಿ, ಮೇಲಿನ ಹಂತದಲ್ಲಿ ತೇರ್ಗಡೆಯಾದವನನ್ನು ಡಿಪ್ಲೊಮಾ ಪಡೆದವನಿಗೆ ಸಮನಾಗಿ ಕಾಣಬೇಕೆಂದು ಸರ್ಕಾರಿ ಸ್ವಾಮ್ಯದ ಹೋಟೆಲುಗಳು, ಅತಿಥಿಗೃಹಗಳು, ಹಾಸ್ಟೆಲುಗಳು ಮೊದಲು ಒಪ್ಪಿ ಉಳಿದವರಿಗೆ ಮಾದರಿ ಹಾಕಿಕೊಡಲಿ. ವಾಹನ ಚಾಲನೆಯ ಪರವಾನಗಿ ಕೊಡುವ ಅಧಿಕಾರಿ ಯಾವ ಕಾಲೇಜಿನಲ್ಲಿ ಓಡಿಸಲು ಕಲಿತೆ ಎಂದು ಕೇಳುವುದಿಲ್ಲ, ಓಡಿಸಿ ತೋರಿಸು ಎನ್ನುತ್ತಾನೆ. ಅಡುಗೆಗೂ ಅದೇ ನ್ಯಾಯ ಸಲ್ಲಬೇಕು. ಇದು ನನ್ನ ಕಲ್ಪನೆಯ ಮಾತೂ ಅಲ್ಲ. ಕುಶಲ ವೃತ್ತಿಗಳವರಿಗೆ ದೇಶವಿಡೀ ಸಲ್ಲುವ ಅರ್ಹತಾಪತ್ರ ಕೊಡುವ ಕೆನಡಾದ ರೆಡ್ ಸೀಲ್ ವ್ಯವಸ್ಥೆಯಲ್ಲಿ ತರಬೇತಿ ಕೋರ್ಸ್ ಮಾಡದ ಅಡುಗೆಯವರೂ ನಿಗದಿತ ಅವಧಿಯ ಅನುಭವಕ್ಕೆ ದಾಖಲೆ ಒದಗಿಸಿ ನೇರವಾಗಿ ಪರೀಕ್ಷೆಗೆ ಕೂರಬಹುದು. ಫ್ರಾನ್ಸ್ 2002ರಲ್ಲೇ ಕೆಲಸದ ಅನುಭವದ ಆಧಾರದ ಮೇಲೆ ಪೂರ್ಣ ಪ್ರಮಾಣದ ಅರ್ಹತಾಪತ್ರ ನೀಡುವ ಕಾನೂನು ಮಾಡಿದೆ.

ಈ ಪರೀಕ್ಷೆಗೆ ಮೊದಲು ಕರೆಯಬೇಕಾದವರು ಯಾರೆಂದು ಕೇಳಿದರೆ ನಾನು ನಮ್ಮ ಹೆಣ್ಣುಮಕ್ಕಳನ್ನು ತೋರಿಸುತ್ತೇನೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದಲ್ಲಿ ಹಳ್ಳಿ ಹಳ್ಳಿಯ ಶಾಲೆಗಳಲ್ಲಿ ಬಿಸಿಯೂಟ ಬೇಯಿಸುವ ತಾಯಂದಿರು, ಎಣಿಸಿಕೊಟ್ಟ ಸಾಮಗ್ರಿಯಲ್ಲಿ, ಗಂಟೆ ಬಾರಿಸುವುದರೊಳಗೆ, ನೂರಾರು ಮಕ್ಕಳಿಗೆ ಅನ್ನ ಸಾಂಬಾರು ಸಿದ್ಧ ಮಾಡುತ್ತಾರೆ. ದೊಡ್ಡ ಹೋಟೆಲಿನ ಎಷ್ಟೋ ಅಡುಗೆಯವರಿಗೆ ಆ ಶಿಸ್ತು ಬರುವುದಿಲ್ಲ. ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ಕಾಗದದಷ್ಟು ತೆಳ್ಳಗೆ ಜೋಳದ ರೊಟ್ಟಿ ಬಡಿಯುವ ಹೆಂಗಸರ ಕೈಚಳಕವನ್ನು ಪಂಚತಾರಾ ಹೋಟೆಲುಗಳು ಪ್ರಾದೇಶಿಕ ಆಹಾರೋತ್ಸವದ ನೆಪದಲ್ಲಿ ಒಂದು ವಾರದ ಮಟ್ಟಿಗೆ ಕರೆಸಿಕೊಳ್ಳುತ್ತವೆ. ಉತ್ಸವ ಮುಗಿದ ಮೇಲೆ ಅವರನ್ನು ಹುದ್ದೆಗೆ ಪರಿಗಣಿಸಿದ ಉದಾಹರಣೆ ನನ್ನ ಕಣ್ಣಿಗೆ ಬಿದ್ದಿಲ್ಲ. ಹೋಟೆಲಿನ ಅಡುಗೆಮನೆಯೊಳಗೆ ಹೆಂಗಸರು ಪಾತ್ರೆ ತೊಳೆಯಲು, ತರಕಾರಿ ಹೆಚ್ಚಲು ಮಾತ್ರ ಎಂಬ ಅಲಿಖಿತ ನಿಯಮ ಇಂದಿಗೂ ಅನೇಕ ಕಡೆ ನಡೆದಿದೆ, ಇದು ನಮ್ಮ ವೃತ್ತಿಗೆ ಗೌರವ ತರುವಂಥದ್ದಲ್ಲ.

ಪರೀಕ್ಷೆ, ಕಾನೂನು ಬರುವವರೆಗೆ ಕಾಯಲಾಗದ ಯುವಕ ಯುವತಿಯರಿಗೆ ಎರಡು ಮಾತು. ಕೆಲಸಕ್ಕೆ ಸೇರುವಾಗ ಸಂಬಳಕ್ಕಿಂತ ಮೊದಲು ಭವಿಷ್ಯನಿಧಿ ಮತ್ತು ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇದೆಯೇ ಎಂದು ಕೇಳಿ. ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಹೋಟೆಲಿನಲ್ಲಿ ಭವಿಷ್ಯನಿಧಿ ಕಡ್ಡಾಯ. ಅದರಲ್ಲಿ ಪ್ರತಿ ನೌಕರನಿಗೂ ಸಿಗುವ ಯುಎಎನ್ ಎಂಬ ಗುರುತಿನ ಸಂಖ್ಯೆಯಡಿ, ನೀವು ಎಲ್ಲಿ, ಎಂದಿನಿಂದ ಎಂದಿನವರೆಗೆ ದುಡಿದಿರಿ ಎಂಬುದು ದಾಖಲಾಗಿರುತ್ತದೆ. ಮಾಲೀಕರು ಪತ್ರ ಕೊಡದಿದ್ದರೂ, ಹೋಟೆಲೇ ಮುಚ್ಚಿಹೋದರೂ ಆ ದಾಖಲೆ ಅಳಿಯುವುದಿಲ್ಲ. ನನ್ನ ಸಹೋದ್ಯೋಗಿಯ ಬಳಿ ಇಲ್ಲದೇ ಹೋದದ್ದು ಅದೇ. ಎರಡನೆಯದಾಗಿ, ಐನೂರು ರೂಪಾಯಿ ಹೆಚ್ಚು ಕೊಡುತ್ತಾರೆಂದು ಆರು ತಿಂಗಳಿಗೊಂದು ಹೋಟೆಲ್ ಬದಲಿಸುವ ಬದಲು, ಒಳಗೇ ರುಬ್ಬಿ, ಒಳಗೇ ಮಸಾಲೆ ಹುರಿದು ಪುಡಿ ಮಾಡುವ ಅಡುಗೆಮನೆಯನ್ನು ಹುಡುಕಿ ಅಲ್ಲಿ ನೆಲೆಯೂರಿ. ಹಿಟ್ಟು, ಗ್ರೇವಿ, ಮಸಾಲೆ ಎಲ್ಲವೂ ಹೊರಗಿನ ಕೇಂದ್ರ ಅಡುಗೆಮನೆಯಿಂದ ಡಬ್ಬಿಗಳಲ್ಲಿ ಬರುವ ಜಾಗದಲ್ಲಿ ಹತ್ತು ವರ್ಷ ದುಡಿದರೂ ಬಿಸಿ ಮಾಡಿ ಬಡಿಸುವುದಷ್ಟೇ ಕಲಿಯುತ್ತೀರಿ. ದಿನವೂ ಮಾಡಿದ್ದನ್ನು ಅಳತೆಯೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಡೆಸುವ ಆಹಾರ ಸುರಕ್ಷತಾ ಮೇಲ್ವಿಚಾರಕರ ತರಬೇತಿ ಒಂದು ದಿನದಲ್ಲಿ ಮುಗಿಯುವಂಥದ್ದು, ಇಪ್ಪತ್ತೈದು ಕೆಲಸಗಾರರಿಗೆ ಒಬ್ಬರಾದರೂ ಆ ತರಬೇತಿ ಪಡೆದವರಿರಬೇಕು ಎಂದು ಆ ಸಂಸ್ಥೆ ಹೇಳುವುದರಿಂದ ಮಾಲೀಕರಿಗೂ ನಿಮ್ಮ ಅಗತ್ಯ ಬೀಳುತ್ತದೆ.

ಮಾಲೀಕರಲ್ಲಿ ನನ್ನ ವಿನಂತಿ ಒಂದಿದೆ. ಪತ್ರ ಕೊಟ್ಟರೆ ಹುಡುಗ ಬಿಟ್ಟುಹೋಗುತ್ತಾನೆ ಎಂಬ ಭಯ ನನಗೆ ಅರ್ಥವಾಗುತ್ತದೆ; ಕಲಿಸಿದ ಕೈ ನಾಳೆ ಎದುರು ಹೋಟೆಲಿನ ಕಾವಲಿಯ ಮುಂದೆ ನಿಂತಾಗ ಆಗುವ ನಷ್ಟವನ್ನು ನಾನೂ ನೋಡಿದ್ದೇನೆ. ಆದರೆ ಪತ್ರ ಕೊಡದಿದ್ದರೂ ಅವರು ಹೋಗುತ್ತಲೇ ಇದ್ದಾರೆ. ಮುಂದೆ ಏರುವ ದಾರಿಯೇ ಕಾಣದೆ ಅಡುಗೆ ಬಿಟ್ಟು ಡೆಲಿವರಿ ಕೆಲಸಕ್ಕೂ ಕ್ಯಾಬ್ ಓಡಿಸಲೂ ಹೋದ ಒಳ್ಳೆಯ ಕೈಗಳು ನನ್ನ ಪರಿಚಯದಲ್ಲೇ ಹಲವಿವೆ. ಆರಾರು ತಿಂಗಳಿಗೊಮ್ಮೆ ವಿಭಾಗ ಬದಲಿಸಿ ಎಲ್ಲ ಕೆಲಸ ಕಲಿಸುವ, ಕೆಲಸ ಬಿಡುವ ದಿನ ಏನೇನು ಕಲಿತಿದ್ದಾನೆಂದು ಒಂದು ಪುಟ ಬರೆದು ಮೊಹರು ಹಾಕಿ ಕೊಡುವ ಪದ್ಧತಿಯನ್ನು ಸಂಘಗಳು ತಮ್ಮ ಸದಸ್ಯರಲ್ಲಿ ಈ ವರ್ಷವೇ ಜಾರಿಗೆ ತರಬಹುದು. ಅದಕ್ಕೆ ಸರ್ಕಾರದ ಆದೇಶವಾಗಲಿ ಅನುದಾನವಾಗಲಿ ಬೇಕಾಗಿಲ್ಲ.

ಇತಿ,
ಹೋಟೆಲೊಂದರ ಅಡುಗೆ ಮುಖ್ಯಸ್ಥ, ಬೆಂಗಳೂರು